ಹೊರಡಲ್ಲ ಎಂದ ದೋಣಿ

ಹಿನ್ನೀರಿನ ಮೇಲೆ ಗಾಳಿ ಎದ್ದರೆ ಈ ದಡದವರಿಗೆ ಆ ದಡ ಬೇರೆ ದೇಶವಿದ್ದ ಹಾಗೆ. ಆರೋಗ್ಯ ಕೇಂದ್ರ ಇರುವುದು ಆಚೆ. ದೋಣಿಯವರು ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿ ಕೂತುಬಿಡುತ್ತಾರೆ. ರಸ್ತೆ ಸುತ್ತಿಕೊಂಡು ಹೊರಟವರು ಅದೇ ದಿನ ವಾಪಸು ಬಂದರೆ ಪುಣ್ಯ.

ಅದಕ್ಕೇ ಮಹಿಳಾ ಸಂಘದವರು ಒಂದು ಪುಟ್ಟ ದೋಣಿ ತರಿಸಿದ್ದರು. ತೊಟ್ಟಿಲಿನಷ್ಟೇ ಇದೆ. ತಳ ಭಾರ, ಅಲೆ ಬಡಿದರೂ ಮಗುಚುವುದಿಲ್ಲ. ಅದರಲ್ಲಿ ಮನುಷ್ಯರು ಕೂರುವುದಿಲ್ಲ, ಔಷಧಿ ಡಬ್ಬಿ ಕೂರುತ್ತದೆ. ದಾರಿ ನೋಡಿಕೊಂಡು ಹೋಗಿ ಬರುವುದು ಒಳಗಿರುವ ಆಟೋಪೈಲಟ್ ಎಂಬ ತಂತ್ರಾಂಶ. ಡ್ರೋನುಗಳನ್ನು ಹಾರಿಸುವುದೂ ಇಂಥದ್ದೇ.

ದೋಣಿಯ ಹೊಣೆ ಸಂಘದ ಟೈಲರಮ್ಮನದು. ಅವಳ ಮನೆ ದಡದಲ್ಲೇ ಇದೆ, ಕೈಯೂ ಚುರುಕು. ಆದರೆ ಅವಳ ಅತ್ತೆಗೆ ಮಾತ್ರ ಆ ದೋಣಿಯನ್ನು ಕಂಡರಾಗದು.

“ಪುಕ್ಕಟೆ ಸಿಗೋ ತಂತ್ರಾಂಶ ಅಂತೆ! ಯಾರು ಬರೆದ್ರೋ, ಎಲ್ಲಿ ಕೂತು ಬರೆದ್ರೋ. ಅದನ್ನ ನಂಬ್ಕೊಂಡು ನನ್ನ ಔಷಧಿ ತರಿಸ್ತೀಯಾ?” ಎಂದರು ಅತ್ತೆ, ಅಂಗಿಯೊಂದಕ್ಕೆ ಕಾಜಾ ಹಾಕುತ್ತಾ.

“ಯಾರೋ ಒಬ್ರಲ್ಲ ಅತ್ತೆ, ಎಷ್ಟೋ ಊರಿನ ಜನ ಸೇರಿ ಬರೆದಿರೋದು. ಯಾರು ಬೇಕಾದ್ರೂ ತೆರೆದು ನೋಡ್ಬೋದು, ತಪ್ಪಿದ್ರೆ ತಿದ್ಬೋದು. ನಮ್ಮ ಕಟಿಂಗ್ ಕಾಗದ ಒಬ್ರಿಂದ ಒಬ್ರಿಗೆ ಹೋಗಿ, ಒಬ್ರು ತೋಳು ಸರಿಮಾಡಿ, ಇನ್ನೊಬ್ರು ಕುತ್ತಿಗೆ ಸರಿಮಾಡಿ ಕೊಡಲ್ವಾ, ಹಾಗೆ.”

“ಕಟಿಂಗ್ ಕೆಟ್ರೆ ಬಟ್ಟೆ ಹೋಗತ್ತೆ. ಇದು ಕೆಟ್ರೆ ನಾನು ಹೋಗ್ತೀನಿ.”

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಬಾಗಿಲಲ್ಲಿದ್ದ ಇನ್ಸುಲಿನ್ ಬಾಟಲಿ ಅಂದು ಬೆಳಗ್ಗೆಯೇ ಖಾಲಿಯಾಗಿತ್ತು. ಸಂಜೆಯ ಸೂಜಿಗೆ ಔಷಧಿ ಬರಬೇಕು. ಗಾಳಿಯೋ, ನಿಲ್ಲುವ ಲಕ್ಷಣವೇ ಇಲ್ಲ.

ಟೈಲರಮ್ಮ ದೋಣಿಯನ್ನು ನೀರಿಗಿಳಿಸಿದಳು. ಡಬ್ಬಿಗೆ ನೀರು ಸಿಡಿಯದಿರಲಿ ಎಂದು ಹಿಂದಿನ ದಿನ ತಾನೇ ಹೊಲಿದಿದ್ದ ಹೊಸ ಹೊದಿಕೆಯನ್ನು ಮೇಲೆ ಎಳೆದು ಅಂಚು ಒತ್ತಿದಳು. ಟಕ್ ಟಕ್ ಎಂದು ಮುಚ್ಚಿಕೊಂಡಿತು. ಅಳತೆ ಎಷ್ಟು ಚೆನ್ನಾಗಿ ಕೂತಿದೆ ಎಂದು ತಾನೇ ಮೆಚ್ಚಿಕೊಂಡಳು. ಫೋನಿನಲ್ಲಿ ಗುಂಡಿ ಒತ್ತಿದಳು.

ಪರದೆಯ ಮೇಲೆ ಬಂತು: ‘ದಿಕ್ಸೂಚಿ ಸರಿಯಿಲ್ಲ. ಹೊರಡಲಾಗದು.’

ದೋಣಿಯ ಯಂತ್ರ ನಿಲ್ಲಿಸಿ ಮತ್ತೆ ಹಚ್ಚಿದಳು. ಮತ್ತೆ ಅದೇ. ಒರೆಸಿ ನೋಡಿದಳು. ಅದೇ.

“ಮೊಂಡ!” ಎಂದರು ಜಗಲಿಯಲ್ಲಿದ್ದ ಅತ್ತೆ. “ಹೊರಡೋ ಹೊತ್ತಿಗೇ ಹಟ ಮಾಡತ್ತೆ.”

ಸಂಜೆ ಎಂಬುದು ಟೈಲರಮ್ಮನ ತಲೆಯೊಳಗೆ ಹೊಲಿಗೆ ಯಂತ್ರದಂತೆ ಕುಟ್ಟುತ್ತಿತ್ತು. ಎಲ್ಲ ಸರಿಯಿದೆಯೇ ಎಂದು ಹೊರಡುವ ಮುಂಚೆ ದೋಣಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳನ್ನೇ ನಿಲ್ಲಿಸಿಬಿಡುವ ದಾರಿಯೊಂದು ಫೋನಿನಲ್ಲಿದೆ. ಹುಡುಕಿ ನಿಲ್ಲಿಸಿದಳು. ದೋಣಿ ತಕರಾರಿಲ್ಲದೆ ಹೊರಟಿತು.

ಸ್ವಲ್ಪ ದೂರ ಹೋದದ್ದೇ ಬಲಕ್ಕೆ ತಿರುಗಿತು. ಮತ್ತೆ ಬಲಕ್ಕೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಮಗುವಿನಂತೆ ಸುತ್ತು ಹಾಕುತ್ತಾ ಹಾಕುತ್ತಾ ಈ ದಡದ ಜೊಂಡಿಗೇ ನುಗ್ಗಿ ಸಿಕ್ಕಿಕೊಂಡಿತು. ಟೈಲರಮ್ಮ ಸೊಂಟದವರೆಗಿನ ನೀರಿಗಿಳಿದು ಎಳೆದು ಜಗಲಿಗೆ ತಂದಳು. ಒದ್ದೆ ಮೈಯಲ್ಲೇ, ಆಚೆ ದಡದ ಆರೋಗ್ಯ ಕೇಂದ್ರದಿಂದ ದೋಣಿಗೆ ಔಷಧಿ ತುಂಬಿ ಕಳಿಸುವ ನರ್ಸಕ್ಕನಿಗೆ ವಿಡಿಯೋ ಕರೆ ಮಾಡಿದಳು.

ನರ್ಸಕ್ಕ ಬೈಯಲಿಲ್ಲ. “ಮೊದ್ಲು ಒಣಗಿದ ಬಟ್ಟೆ ಹಾಕ್ಕೋ ತಾಯಿ. ಔಷಧಿ ಇಲ್ಲೇ ಭದ್ರವಾಗಿದೆ, ಹೊತ್ತೂ ಇದೆ. ಈಗ ಹೇಳು, ಪರೀಕ್ಷೆ ನಿಲ್ಸಿದ್ಯಾ?”

“ಹೂಂ ಅಕ್ಕ. ಅದು ಹೊರಡ್ತಾನೇ ಇರ್ಲಿಲ್ಲ.”

“ಹೊರಡಲ್ಲ ಅಂದಿದ್ದು ಹಟ ಅಲ್ಲ ಕಣೇ. ಹಿಂದೆ ಎಲ್ಲೋ ಯಾರದ್ದೋ ದೋಣಿ ಮುಳುಗಿದೆ, ಡ್ರೋನ್ ಬಿದ್ದಿದೆ. ನಮಗಾದದ್ದು ಇನ್ನೊಬ್ರಿಗಾಗ್ದಿರ್ಲಿ ಅಂತ ಅವ್ರೇ ಆ ಎಚ್ಚರಿಕೆ ಬರೆದು ಸೇರಿಸಿರ್ತಾರೆ. ದಿಕ್ಸೂಚಿ ಕೆಡಿಸೋದು ಕಬ್ಬಿಣ, ಇಲ್ಲಾ ಮ್ಯಾಗ್ನೆಟ್ಟು. ದೋಣಿಗೆ ಹೊಸದೇನಾದ್ರೂ ಸೇರಿಸಿದ್ಯಾ?”

“ಏನಿಲ್ಲ. ಬರೀ ಬಟ್ಟೆ.”

ಅತ್ತೆ ಫೋನಿಗೆ ಬಗ್ಗಿದರು. “ಅವಳು ಹೊಲಿದ ಬಟ್ಟೆ ಮೇಲೆ ಅನುಮಾನ ಬೇಡ ತಾಯಿ, ಹೊಲಿಗೆ ನಾನು ನೋಡಿದೀನಿ,” ಎಂದವರೇ ಹೊದಿಕೆಯ ಅಂಚನ್ನು ಎತ್ತಿ ತೋರಿಸಹೋದರು. ಕಾಜಾ ಹಾಕುತ್ತಿದ್ದ ಸೂಜಿ ಇನ್ನೂ ಅವರ ಕೈಯಲ್ಲೇ ಇತ್ತು. ಅದು ಬೆರಳಿನಿಂದ ಜಾರಿ, ಚಟ್ಟನೆ ಅಂಚಿಗೆ ಅಂಟಿಕೊಂಡಿತು.

ಟೈಲರಮ್ಮ ಸೂಜಿ ಕಿತ್ತು ಅಂಚನ್ನು ಮುಟ್ಟಿ ನೋಡಿದಳು.

ಒಂದೇ ಕೈಯಲ್ಲಿ ತೆಗೆದು ಮುಚ್ಚಲು ಸುಲಭವಾಗಲಿ ಎಂದು ಟೈಲರಮ್ಮ ಅಂಚಿನುದ್ದಕ್ಕೂ ಪರ್ಸಿನ ಮ್ಯಾಗ್ನೆಟ್ ಗುಂಡಿಗಳನ್ನು ಹೊಲಿದಿದ್ದಳು. ದಿಕ್ಸೂಚಿ ಇದ್ದದ್ದು ಅದರ ಕೆಳಗೇ.

“ಅಯ್ಯೋ, ನನ್ ಕೈಯಾರೆ…” ಎಂದು ಅವಳು ಹಣೆ ಚಚ್ಚಿಕೊಂಡಳು.

“ಅಳೋದು ಆಮೇಲೆ. ಕತ್ತರಿ ಕೊಡು,” ಎಂದರು ಅತ್ತೆ. ಗುಂಡಿಗಳನ್ನೆಲ್ಲ ತಾವೇ ಕಿತ್ತು ಹಾಕಿದರು. ಅವುಗಳ ಜಾಗಕ್ಕೆ ಬಟ್ಟೆಯ ಲಾಡಿ ಹೊಲಿದರು. ನರ್ಸಕ್ಕ ಹೇಳಿದಂತೆ ಟೈಲರಮ್ಮ ದೋಣಿಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಹೊರಳಿಸಿ, ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸಿದಳು. ನಿಲ್ಲಿಸಿದ್ದ ಪರೀಕ್ಷೆಗಳನ್ನೆಲ್ಲ ಮತ್ತೆ ಶುರುಮಾಡಿದಳು. ಫೋನಿನ ಗುಂಡಿ ಒತ್ತಿದಳು.

‘ಹೊರಡಲು ಸಿದ್ಧ.’

ದೋಣಿ ಅಲೆ ಸೀಳಿಕೊಂಡು ನೆಟ್ಟಗೆ ಹೋಯಿತು. ಅತ್ತೆ ಜಗಲಿ ಬಿಟ್ಟು ದಡಕ್ಕೇ ಬಂದು ಕೂತರು, ಅದು ಚುಕ್ಕಿಯಾಗುವವರೆಗೂ, ಚುಕ್ಕಿ ಮತ್ತೆ ದೋಣಿಯಾಗುವವರೆಗೂ. ಬೆಳಕಿರುವಾಗಲೇ ಇನ್ಸುಲಿನ್ ಬಂದು ಫ್ರಿಜ್ಜು ಸೇರಿತು.

ಸೂಜಿ ಹಾಕಿಸಿಕೊಂಡು ಊಟಕ್ಕೆ ಕೂತ ಅತ್ತೆ, ಸೊಸೆ ಫೋನಿನಲ್ಲಿ ಏನೋ ಬರೆಯುತ್ತಿರುವುದನ್ನು ಕಂಡರು.

“ಏನೇ ಅದು?”

“ಈ ತಂತ್ರಾಂಶ ಬಳಸೋರೆಲ್ಲ ಒಬ್ರಿಗೊಬ್ರು ಬರ್ಕೊಳ್ಳೋ ಜಾಗಕ್ಕೆ ಅತ್ತೆ. ಹೊದಿಕೆಗೆ ಮ್ಯಾಗ್ನೆಟ್ ಗುಂಡಿ ಹಾಕ್ಬೇಡಿ ಅಂತ. ಇನ್ನೆಲ್ಲೋ ಇನ್ನೊಬ್ಳು ಟೈಲರ್ ಇರ್ತಾಳಲ್ಲ.”

ಅತ್ತೆ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಯೋಚಿಸಿದರು.

“ಬರಿ. ಕಂಡುಹಿಡಿದಿದ್ದು ಅತ್ತೆ ಸೂಜಿ ಅಂತ್ಲೂ ಬರಿ. ಮತ್ತೆ ಅದನ್ನ ಮೊಂಡ ಅಂದೆ ನೋಡು, ಅದನ್ನ ಮಾತ್ರ ಬರೀಬೇಡ.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದಲ್ಲೂ ಇಂಥ ದೋಣಿಯೋ ಡ್ರೋನೋ ಇರಬಹುದು. ಅದು ಹೊರಡಲ್ಲ ಎಂದರೆ ಅದರ ಬಾಯಿ ಮುಚ್ಚಿಸಬೇಡಿ. ಪರೀಕ್ಷೆ ನಿಲ್ಲಿಸುವ ಮುಂಚೆ, ನಿನ್ನೆ ಮೊನ್ನೆ ಅದಕ್ಕೆ ಏನು ಸೇರಿಸಿದಿರಿ, ಏನು ಬದಲಿಸಿದಿರಿ ಎಂದು ನೋಡಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ, ನಾಚಿಕೆ ಬೇಡ. ತಪ್ಪು ಗೊತ್ತಾದ ಮೇಲೆ ನಾಲ್ಕು ಜನಕ್ಕೆ ಹೇಳಿ. ಎಲ್ಲೋ ಮುಖ ಕಾಣದವರೊಬ್ಬರು ತಮ್ಮ ತಪ್ಪನ್ನು ಹೇಳಿಕೊಂಡಿದ್ದರಿಂದಲೇ ಆ ಸಂಜೆ ಅತ್ತೆಯ ಔಷಧಿ ದಡ ಸೇರಿತು.