ದ್ವಾದಶಿ ಇಲ್ಲದ ಪ್ರಶ್ನಾವಳಿ

ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಯಂತ್ರ ಗುರ್ರೆನ್ನುತ್ತಿದೆ, ಶನಿವಾರ ಬಂತೆಂದರೆ ಇಡೀ ನಾರ್ತ್‌ವಿಲ್‌ಗೆ ಹುಲ್ಲಿನದೇ ಚಿಂತೆ, ನನಗೆ ಏಳನೆಯ ಪ್ರಶ್ನೆಯದು — ಬೇರೆಯವರು ಮಾಡಿದ ಅಡುಗೆ ತಿನ್ನಬೇಕಾಗಿ ಬಂದರೆ ನಿಮಗೆ ಕಳವಳವಾಗುತ್ತದೆಯೇ, ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ — ಆರೋಗ್ಯದ ಊಟದ ಗೀಳನ್ನು ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯಂತೆ, ಡೆಟ್ರಾಯಿಟ್ ಕ್ಲಿನಿಕ್ಕಿನ ನನ್ನ ಜೊತೆಗಾತಿ ಎಲಿಫ್ ತನ್ನ ಟರ್ಕಿಶ್‌ಗೆ ಅನುವಾದಿಸಿ ಮುಗಿಸಿದ್ದಾಳೆ, ಕನ್ನಡದ್ದು ನನ್ನ ಪಾಲಿಗೆ, ಪದ ಹುಡುಕಬೇಡ ಛಾಯಾ, ನಿಮ್ಮಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿ ನೋಡು, ನಾನು ಹಾಗೇ ಮಾಡಿದ್ದು ಎಂದಳು, ಮನಸ್ಸಿನಲ್ಲೇ ಕೂರಿಸಿದೆ, ಅಯ್ಯೋ, ನಮ್ಮಜ್ಜಿಗೆ ನೂರಕ್ಕೆ ನೂರು! ಮೈಸೂರಿನ ಅಗ್ರಹಾರದ ಆ ಹೊಗೆ ಹಿಡಿದ ಅಡುಗೆಮನೆಯಲ್ಲಿ ತಾನೇ ಬೇಯಿಸಿದ್ದಲ್ಲದೆ ಬೇರೇನನ್ನೂ ಬಾಯಿಗೆ ಹಾಕದವಳು, ತಿರುಪತಿಗೆ ಹೊರಟರೆ ರೈಲಿನಲ್ಲಿ ಮೂರು ಹೊತ್ತೂ ಹುರಿಹಿಟ್ಟು ಬಾಳೆಹಣ್ಣು, ಮುಟ್ಬೇಡ್ವೇ, ಮಡೀಲಿದೀನಿ, ಆ ಕೂಗನ್ನು ಇನ್ನೊಮ್ಮೆ ಕೇಳಬೇಕೆನಿಸುತ್ತದೆ — ಇದು ರೋಗವಲ್ಲ, ಆಚಾರ ಎಂದು ಷರಾ ಬರೆದು ಏಳನೆಯ ಪ್ರಶ್ನೆಯ ಮೇಲೆ ಗೆರೆ ಎಳೆದುಬಿಟ್ಟೆ. ಕನ್ನಡಿಗರಿಗೆ ಅದು ಬೇಡ.

ಮಾಮ್, ವಾಟ್ ಆಯಿಲ್ ಈಸ್ ದಿಸ್, ನಿಹಾರಿಕಾ, ಷಿಕಾಗೋದ ಕಾಲೇಜಿನಿಂದ ನಿನ್ನೆ ಬಂದ ಮಗಳು, ಎದುರು ಕುರ್ಚಿಯಲ್ಲಿ, ಎಣ್ಣೆ ಅಲ್ಲ ಪುಟ್ಟೀ, ತುಪ್ಪ, ನಾನೇ ಕಾಯ್ಸಿದ್ದು, ಓ, ಎನ್ನುತ್ತಾಳೆ, ದೋಸೆ ಆರುತ್ತಿದೆ — ಎರಡು ವರ್ಷದಿಂದ ಕಾಲೇಜಿನ ಊಟ ಮುಟ್ಟಿಲ್ಲ, ಗೆಳತಿಯರ ಜೊತೆ ಹೊರಗೆ ತಿಂದಿಲ್ಲ, ಎಲ್ಲವನ್ನೂ ತೂಗಿ ತಾನೇ ಬೇಯಿಸಿಕೊಳ್ಳುತ್ತಾಳೆ, ಥೇಟ್ ನಮ್ಮಜ್ಜಿ ಎಂದು ಕನ್ನಡ ಕೂಟದಲ್ಲಿ ಹೇಳಿಕೊಂಡು ಬಂದೆ, ಪುಣ್ಯ ಮಾಡಿದೀರಾ ಕಣ್ರೀ, ನಮ್ಮನೇದು ಬರೀ ಪಿಜ್ಜಾ ಅನ್ನತ್ತೆ ಎಂದರು ಭಾನುಪ್ರಿಯಾ, ನಾನು ಉಬ್ಬಿಹೋದೆ, ಊರವರ ಮಕ್ಕಳ ಮನಸ್ಸಿಗೆ ಮದ್ದು ಹೇಳುವವಳು, ಸ್ವಂತ ಮಗಳ ಕೊರಳ ಮೂಳೆ ಎದ್ದು ಕಂಡರೂ ವಂಶದ ಗುಣ ಎಂದುಕೊಂಡೆ, ದೀಪದ ಬುಡದಲ್ಲೇ ಕತ್ತಲೆ — ಆದರೆ ಅಜ್ಜಿ, ಏಕಾದಶಿ ಇಡೀ ದಿನ ಹನಿ ನೀರೂ ಮುಟ್ಟದೆ ಮಾರನೆಯ ಬೆಳಿಗ್ಗೆ, ಬೆಳಕು ಹರಿಯುವಾಗಲೇ, ದ್ವಾದಶಿಯ ಪಾರಣೆಗೆ ಕೂತರೆ ಎಲೆ ತುಂಬ ಅನ್ನ, ಅಗಸೆ ಸೊಪ್ಪಿನ ಪಲ್ಯ, ಮೇಲೆ ಧಾರಾಳ ತುಪ್ಪ, ಸೊರ್ರೆಂದು ಸಾರು ಸುರಿದು, ಇನ್ನೊಂದ್ ಸೌಟು ಹಾಕೇ, ಯಾಕೇ ಕೈ ಬಿಗಿ ಹಿಡೀತೀಯ, ಎಂದು ನಗುತ್ತಿದ್ದಳಲ್ಲ, ಸಾರು ಮೊಣಕೈವರೆಗೆ ಇಳಿಯುತ್ತಿತ್ತಲ್ಲ — ಅಜ್ಜಿಯ ಉಪವಾಸಕ್ಕೊಂದು ಮರುದಿನವಿತ್ತು, ಇವಳಿಗೆ ಎರಡು ವರ್ಷವಾದರೂ ದ್ವಾದಶಿಯೇ ಬಂದಿಲ್ಲ, ಮಗಳು ಕಣ್ಣೆದುರೇ ಕರಗುತ್ತಿದ್ದಾಳೆ, ಭಯವಾಗುತ್ತಿದೆ ನನಗೆ, ಅವಳನ್ನು ಹಿಡಿದುಕೊಡಬಹುದಾಗಿದ್ದ ಒಂದೇ ಪ್ರಶ್ನೆಯನ್ನು ನಾನೇ ಹೊಡೆದುಹಾಕಿ ಕೂತಿದ್ದೇನೆ, ಪುಟ್ಟೀ, ತಿನ್ನೇ, ಐ ಆ್ಯಮ್ ಈಟಿಂಗ್, ಮಾಮ್, ಪೇಪರ್ ಟವಲ್ ಹರಿದು ದೋಸೆಯ ಮೇಲೆ ಹಾಸುತ್ತಾಳೆ, ಅಂಗೈಯಿಂದ ಒತ್ತುತ್ತಾಳೆ, ಕಾಗದದ ತುಂಬ ತುಪ್ಪ ಹರಡುತ್ತದೆ, ತೆಗೆದು ಇನ್ನೊಂದು ಹಾಸುತ್ತಾಳೆ, ಒತ್ತುತ್ತಾಳೆ, ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ, ಇನ್ನೊಂದು, ಒತ್ತುತ್ತಾಳೆ, ಕಾಗದ ಒಣಗಿಯೇ ಮೇಲೆ ಬರುತ್ತದೆ, ಆದರೂ ಇನ್ನೊಂದು, ಒತ್ತುತ್ತಾಳೆ