ಮಾಸ್ಟರನ್ನು ಎಬ್ಬಿಸುವವರು ಯಾರು?

ಶಾಲಾ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮಾಸ್ಟರಲ್ಲ, ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಸೀಮೆಸುಣ್ಣದ ಗೆರೆಯ ಗುಂಟ ಕಟಿಂಗ್ ಮೆಷಿನ್ ಓಡಿಸುವುದು ಅವರ ಕೆಲಸ. ಗೆರೆ ತಪ್ಪಿದರೆ ಒಂದು ಅಂಗಿಯಲ್ಲ, ಒಂದು ತರಗತಿಯ ಅಂಗಿಗಳೆಲ್ಲ ಹಾಳು.

ಹೋದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಕೆಲವು ರಾತ್ರಿ ನಿದ್ದೆಗೆಟ್ಟಿತು. ಜ್ವರ ಹೋಯಿತು, ನಿದ್ದೆ ಮಾತ್ರ ಮರಳಲಿಲ್ಲ. ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಮೆಷಿನ್ ಓಡುತ್ತಿರುವಾಗಲೇ ಅವರ ಕಣ್ಣು ಮುಚ್ಚಿತು. ಬೆರಳಿಗೇನೂ ಆಗಲಿಲ್ಲ. ಆದರೆ ಒಂದು ಶಾಲೆಯ ಚಡ್ಡಿಗಳಿಗೆಲ್ಲ ಎಡಗಾಲು ಗಿಡ್ಡವಾಯಿತು.

ಕಾರ್ಖಾನೆಯ ಯಜಮಾನಿ ಬೈಯಲಿಲ್ಲ. ಬಂದು ಪ್ಲಗ್ ಕಿತ್ತರು.

"ಮಾಸ್ಟ್ರೇ, ಚಡ್ಡಿ ಬೇಕಾದ್ರೆ ಇನ್ನೊಂದು ಹೊಲಿಬಹುದು. ನಿಮ್ಮ ಬೆರಳು ಹೊಲಿಯೋ ದಾರ ನನ್ನ ಹತ್ರ ಇಲ್ಲ. ನಿದ್ದೆ ಸರಿ ಮಾಡ್ಕೊಳ್ಳಿ, ಮೆಷಿನ್ ನಿಮ್ದೇ. ಅಲ್ಲೀವರೆಗೂ ಗುಂಡಿ."

ಮಾರನೆಯ ದಿನದಿಂದ ಮಾಸ್ಟರ್ ಗುಂಡಿ ಹಚ್ಚುವ ಹುಡುಗಿಯರ ನಡುವೆ ಕೂತು ಬಿಳಿ ಗುಂಡಿ ಬೇರೆ, ನೀಲಿ ಗುಂಡಿ ಬೇರೆ ಮಾಡತೊಡಗಿದರು. ಅತ್ತ ಕಟಿಂಗ್ ಮೇಜಿನಲ್ಲಿ ಬೇರೆ ಯಾರೋ ಮೆಷಿನ್ ಓಡಿಸುವ ಸದ್ದು ಕೇಳಿದಾಗಲೆಲ್ಲ ಅವರ ಕೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು.

ಮನೆಯಲ್ಲಿ ಹೆಂಡತಿ ನಿದ್ದೆಯನ್ನು ಬರಮಾಡಿಕೊಳ್ಳಲು ಟೊಂಕ ಕಟ್ಟಿ ನಿಂತಿದ್ದರು. ಬಾಗಿಲಿನ ಕೀಲಿಗೆ ಎಣ್ಣೆ ಬಿತ್ತು. ಕರೆಗಂಟೆಯ ತಂತಿ ಹೊರಬಂತು. ಸೊಪ್ಪಿನವಳು ಅವರ ಮನೆ ಮುಂದೆ ಮಾತ್ರ ಮೂಕಿಯಾಗಿ ಹಾದುಹೋಗುತ್ತಿದ್ದಳು. ಒಂಬತ್ತಕ್ಕೆಲ್ಲ ದೀಪ ಆರಿಸಿ ಮಾಸ್ಟರನ್ನು ಮಂಚಕ್ಕೆ ಕಳಿಸಲಾಗುತ್ತಿತ್ತು. ಜೊತೆಯಲ್ಲೇ ಇದ್ದ ಹೆಂಡತಿಯ ತಾಯಿಗೆ ಕೆಮ್ಮಲೂ ಅಪ್ಪಣೆ ಇರಲಿಲ್ಲ.

"ಚಿಂತೆ ಇಲ್ಲದೋರಿಗೆ ಸಂತೇಲೂ ನಿದ್ದೆ ಅಂತಾರೆ," ಎಂದು ಅತ್ತೆ ಗೊಣಗುತ್ತಿದ್ದರು. "ಇಲ್ಲಿ ಸ್ಮಶಾನ ಮಾಡಿಟ್ರೂ ಅಳಿಯಂದಿರಿಗೆ ನಿದ್ದೆ ಇಲ್ಲ."

ಮಾಸ್ಟರ್ ಆ ನಿಶ್ಶಬ್ದದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದರು. ಇಡೀ ಮನೆ ತಮಗಾಗಿ ಉಸಿರು ಬಿಗಿಹಿಡಿದಿದೆ ಎನ್ನುವ ಸಂಕೋಚವೇ ಅವರ ನಿದ್ದೆ ಕೆಡಿಸಲು ಸಾಕಾಗಿತ್ತು. ಬೆಳಗಾದರೆ ಹೆಂಡತಿ, ಹಾಲಿನವನು, ಪಕ್ಕದ ಮನೆಯವರು ಒಬ್ಬರಾದ ಮೇಲೆ ಒಬ್ಬರು, "ಬಂತಾ?" ನಲ್ಲಿಯಲ್ಲಿ ನೀರು ಬಂತಾ ಎಂದು ವಿಚಾರಿಸುವ ಹಾಗೆ.

ಕೊನೆಗೆ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಗೊರಕೆ, ಮಾತ್ರೆ, ಕಾಫಿ, ಮನಸ್ಸಿನ ಬೇಸರ ಎಲ್ಲವನ್ನೂ ಕೇಳಿ ತಿಳಿದರು. ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಹೇಳಿದರು: "ಹನ್ನೊಂದೂವರೆಗೆ ಮುಂಚೆ ಮಂಚ ಹತ್ತಬಾರದು. ಬೆಳಗ್ಗೆ ಆರಕ್ಕೆ ಏಳಲೇಬೇಕು. ಹಗಲು ಮಲಗೋ ಹಾಗಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ."

ಹೆಂಡತಿ ಗಾಬರಿಯಾದರು. "ಒಂಬತ್ತಕ್ಕೆ ಮಲಗಿದ್ರೇನೇ ಬರದೇ ಇರೋದು, ಹನ್ನೊಂದೂವರೆಗೆ ಬರುತ್ತಾ ಡಾಕ್ಟ್ರೇ?"

"ಹಸಿವಾಗೋ ಮುಂಚೆ ತಟ್ಟೆ ಇಟ್ಕೊಂಡು ಕೂತ್ರೆ ಊಟ ಸೇರುತ್ತೇನಮ್ಮಾ? ನಿದ್ದೆಗೂ ಹಸಿವಾಗ್ಲಿ. ಮಲಗಿ ನಿದ್ದೆ ಬರ್ಲಿಲ್ವಾ, ಎದ್ದು ಹೊರಗೆ ಬಂದು ಕೂರ್ಲಿ. ಮತ್ತೆ ತೂಕಡಿಕೆ ಬಂದಾಗ್ಲೇ ಒಳಗೆ ಹೋಗ್ಲಿ. ಆಮೇಲೆ ನಿಮ್ಮ ಮನೆ ಮನೆ ಥರಾನೇ ಇರ್ಲಿ, ಸದ್ದು ಗದ್ದಲ ಎಲ್ಲ. ಬೆಳಗ್ಗೆ ಎದ್ದು 'ಬಂತಾ' ಅಂತ ಒಬ್ರೂ ಕೇಳ್ಬಾರ್ದು."

ಮಾಸ್ಟರಿಗೆ ಬೇಕಿದ್ದದ್ದು ಒಂದೇ ಮಾತು. "ಮೆಷಿನ್ ಯಾವಾಗ ಹಿಡೀಬಹುದು?"

"ಮೊದಲ ದಿನಗಳಲ್ಲಿ ತೂಕಡಿಕೆ ಇನ್ನೂ ಜಾಸ್ತಿ ಆಗುತ್ತೆ. ಆಗ ಮೆಷಿನ್ನೂ ಬೇಡ, ಗಾಡಿನೂ ಬೇಡ. ಆಮೇಲೆ ಮುಖ್ಯವಾದದ್ದು ಕೇಳಿ. ರಾತ್ರಿ ಎಷ್ಟೇ ಕೆಟ್ಟಿರ್ಲಿ, ಎಷ್ಟೇ ಚೆನ್ನಾಗಿರ್ಲಿ, ಆರಕ್ಕೆ ಏಳೋದು ತಪ್ಪಬಾರದು. ಅದೇ ಗೂಟ. ಅದು ಅಲ್ಲಾಡಿದ್ರೆ ಉಳಿದದ್ದೂ ಅಲ್ಲಾಡುತ್ತೆ."

ಹಾಗೆ ಆ ಮನೆಯ ಕೆಲಸ ತಲೆಕೆಳಗಾಯಿತು. ನಿನ್ನೆಯವರೆಗೆ ಮಲಗಿಸಲು ಹೆಣಗುತ್ತಿದ್ದವರು ಈಗ ಮಲಗದಂತೆ ಕಾಯಬೇಕಿತ್ತು. ಕಾವಲಿನ ಹೊಣೆಯನ್ನು ಅತ್ತೆ ಹಟ ಮಾಡಿ ವಹಿಸಿಕೊಂಡರು. ಊಟದ ನಂತರ ಇಸ್ಪೀಟು ಹಿಡಿದು ಅಳಿಯನ ಎದುರು ಕೂರುತ್ತಿದ್ದರು. ಆದರೆ ಅತ್ತೆಯ ನಿದ್ದೆ ಹೇಳಿದ ಮಾತು ಕೇಳುವಂಥದ್ದಲ್ಲ. ಎಲೆ ಹಂಚಿ ಮುಗಿಯುವ ಮೊದಲೇ ಗೊರಕೆ.

"ಅತ್ತೇ! ನಿಮ್ಮ ಆಟ."

"ಹಾಂ? ನಾನು ಮಲಗಿಲ್ಲ, ಯೋಚನೆ ಮಾಡ್ತಿದ್ದೆ."

"ಗೊರಕೆ ಹೊಡೀತಾ ಯೋಚನೆ ಮಾಡ್ತೀರಾ?"

"ದೊಡ್ಡ ಯೋಚನೆ ಅಳಿಯಂದಿರೇ, ಸದ್ದಾಗುತ್ತೆ."

ಒಳಗಿನಿಂದ ಹೆಂಡತಿ ಕೂಗುತ್ತಿದ್ದರು: "ಅಮ್ಮಾ, ಕಾಯಬೇಕಾದವಳು ನೀನು. ಅವರು ನಿನ್ನ ಕಾಯ್ತಿದ್ದಾರೆ!"

ಮೊದಲ ವಾರ ವೈದ್ಯೆ ಹೇಳಿದಂತೆಯೇ ಕಷ್ಟವಾಯಿತು. ಮಾಸ್ಟರ್ ಗುಂಡಿಯ ರಾಶಿಯ ಮುಂದೆ ತೂಗಾಡುತ್ತಿದ್ದರು. ಹುಡುಗಿಯರು ಮುಖಕ್ಕೆ ನೀರು ಚಿಮುಕಿಸಿ ನಗುತ್ತಿದ್ದರು. ಇದೆಲ್ಲ ಬಿಟ್ಟುಬಿಡೋಣ ಎಂದು ಒಂದು ಸಂಜೆ ಅವರು ಹೇಳಿಯೂ ಹೇಳಿದರು. "ಬಿಡಿ, ಗುಂಡಿ ಆರಿಸ್ತಾನೇ ಮುದುಕರಾಗಿ," ಎಂದರು ಹೆಂಡತಿ. ಆ ಮಾತು ನಾಟಿತು. ಎರಡನೆಯ ವಾರ ಮಂಚದಿಂದ ಎದ್ದು ಹೊರಗೆ ಬಂದು ಕೂರುವುದು ಕಡಿಮೆಯಾಯಿತು.

ಒಂದು ಬೆಳಗ್ಗೆ ಆರಕ್ಕೆ ಅಲಾರಂ ಹೊಡೆದುಕೊಂಡಿತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ ಬಂದು ನೋಡಿದರೆ ಮಾಸ್ಟರ್ ಬಾಯಿ ತೆರೆದು, ಒಂದು ಕಾಲು ಮಂಚದ ಹೊರಗೆ ಚಾಚಿ, ಪ್ರಪಂಚದ ಪರಿವೆಯೇ ಇಲ್ಲದೆ ಮಲಗಿದ್ದರು. ಹೆಂಡತಿ ಅಲಾರಂ ಆರಿಸಿದರು. ಭುಜ ಮುಟ್ಟಲು ಹೋದ ಕೈ ಅರ್ಧದಲ್ಲೇ ನಿಂತಿತು.

ಅತ್ತೆ ಬಾಗಿಲಿಗೆ ಬಂದು ಪಿಸುಗುಟ್ಟಿದರು. "ಎಬ್ಬಿಸಿದ್ರೆ ನೋಡು! ಎಷ್ಟು ತಿಂಗಳಾಯ್ತೇ, ಪಾಪ."

"ಎಬ್ಬಿಸ್ಬೇಕಮ್ಮಾ."

"ಕಟುಕಿ ಕಣೇ ನೀನು. ಇವತ್ತೊಂದು ದಿನ ಬಿಡು."

"ಇವತ್ತು ಬಿಟ್ರೆ ರಾತ್ರಿಗೆ ಹಸಿವಿರಲ್ಲ. ಮತ್ತೆ ಗುಂಡಿ."

"ಹಾಗಾದ್ರೆ ನೀನೇ ಎಬ್ಬಿಸು. ನನ್ನ ಕೈಲಾಗಲ್ಲ."

ಹೆಂಡತಿ ಒಂದು ಕ್ಷಣ ಆ ಮುಖವನ್ನು ನೋಡಿದರು. ಕಣ್ಣು ತುಂಬಿ ಬಂತು. ಮತ್ತೆ ಸೆರಗು ಸಿಕ್ಕಿಸಿಕೊಂಡು ಗಂಡನ ಭುಜ ಹಿಡಿದು ಮಾವಿನ ಕೊಂಬೆ ಅಲ್ಲಾಡಿಸುವಂತೆ ಅಲ್ಲಾಡಿಸಿದರು. "ಏಳ್ರೀ! ಆರಾಯ್ತು!"

"ಯಾವನಯ್ಯಾ ಅದು ಬೆಳಬೆಳಗ್ಗೆ!" ಮಾಸ್ಟರ್ ಗುಡುಗಿ ಹೊದಿಕೆ ಎಳೆದುಕೊಂಡರು. "ಮನುಷ್ಯರನ್ನ ಐದು ನಿಮಿಷ ಮಲಗೋಕೆ ಬಿಡಲ್ವಾ?"

ಹೆಂಡತಿ ಸರಕ್ಕನೆ ನೆಲದ ಮೇಲೆ ಕೂತುಬಿಟ್ಟರು. ನಗು ತಡೆಯಲಾಗಲಿಲ್ಲ. ಅತ್ತೆ ಅಳಿಯನ ಹೊದಿಕೆಯ ಇನ್ನೊಂದು ತುದಿ ಹಿಡಿದು ಎಳೆಯುತ್ತಾ ನಕ್ಕರು. ಮಾಸ್ಟರ್ ಎದ್ದು ಕೂತು ಇಬ್ಬರನ್ನೂ ಪೆಚ್ಚಾಗಿ ನೋಡಿದರು.

"ಏನಾಯ್ತು? ಯಾಕೆ ನಗ್ತಿದ್ದೀರಾ?"

"ಬೈದ್ರಿ!" ಎಂದರು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದು ಸಲ ಬೈರಿ."

ಅಂದು ಕಾರ್ಖಾನೆಯಲ್ಲಿ ಯಜಮಾನಿ ಅವರನ್ನು ತಡೆದು ನಿಲ್ಲಿಸಿದರು. ಮಾಸ್ಟರ ಕೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ದಿಂಬಿನ ಗೆರೆ ಮೂಡಿತ್ತು.

"ಇದೇನು ಮಾಸ್ಟ್ರೇ, ಯಾರು ಗುರುತು ಹಾಕಿದ್ದು?"

"ದಿಂಬು."

"ಗೆರೆ ನೇರವಾಗಿದೆ," ಎಂದು ಯಜಮಾನಿ ನಕ್ಕರು. ಆದರೆ ಒಂದು ಗೆರೆಗೆ ಮೆಷಿನ್ ಕೊಡುವ ಹೆಂಗಸಲ್ಲ ಅವರು. ಅಂದು ಕೊಟ್ಟದ್ದು ಸೀಮೆಸುಣ್ಣ ಮಾತ್ರ. ಕೆಲವು ವಾರ ಮಾಸ್ಟರ್ ಗೆರೆ ಎಳೆದರು, ಬೇರೆಯವರು ಕತ್ತರಿಸಿದರು. ನಡುವೆ ಎರಡು ರಾತ್ರಿ ಮತ್ತೆ ನಿದ್ದೆ ಕೈಕೊಟ್ಟಿತು. ಮಾಸ್ಟರ್ ಎದ್ದು ಹೊರಗೆ ಕೂತರು, ಆರಕ್ಕೆ ಎದ್ದರು, ಯಾರೂ ಏನೂ ಕೇಳಲಿಲ್ಲ. ಆಮೇಲೆ ವೈದ್ಯೆ ಮಲಗುವ ಹೊತ್ತನ್ನು ಸ್ವಲ್ಪ ಮುಂಚೆಗೆ ತಂದರು, ಮೆಷಿನ್ ಹಿಡಿಯಬಹುದು ಎಂದರು.

ಆ ದಿನ ಯಜಮಾನಿ ತಾವೇ ಪ್ಲಗ್ ಹಾಕಿದರು. ಮೆಷಿನ್ ಗುಂಯ್ಗುಟ್ಟಿ ಬಟ್ಟೆಯ ಪದರಗಳೊಳಗೆ ಇಳಿಯಿತು. ಗುಂಡಿಯ ಹುಡುಗಿಯರು ಚಪ್ಪಾಳೆ ತಟ್ಟಿದರು. ಯಜಮಾನಿ ಮಾಸ್ಟರ ಹೆಂಡತಿಗೆ ಫೋನ್ ಹಚ್ಚಿ ಆ ಸದ್ದಿನತ್ತ ಹಿಡಿದರು.

"ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು! ಅವರ ಕೈ ಎಲ್ಲಿದೆ?"

"ಮೆಷಿನ್ ಮೇಲೆ."

"ಕಣ್ಣು?"

"ಗೆರೆ ಮೇಲೆ. ಮುಖದಲ್ಲಿ ಮಾತ್ರ ಮದುಮಗನ ಕಳೆ ಕಣಮ್ಮಾ, ನೋಡೋಕಾಗ್ತಿಲ್ಲ!"