ಇಲ್ಮರಿ ಬಿಚ್ಚಲು ಹೊರಟ ದೀಪ

ಫಿನ್ಲೆಂಡಿನ ಉತ್ತರ ತುದಿಯ ನಮ್ಮ ಇನಾರಿಯಲ್ಲಿ ಮನೆಗೆ ಹೊಸ ಕಾರು ಬಂತೆಂದರೆ ಮೊದಲ ವಾರವೇ ಅದರ ಮುಂದೆ ಉದ್ದನೆಯ ಹೆಚ್ಚುವರಿ ದೀಪ ಕೂರುತ್ತದೆ. ಹಿಮಸಾರಂಗ ಅಡ್ಡ ಬಂದರೆ ದೂರದಿಂದಲೇ ಕಾಣಬೇಕಲ್ಲ! ಪಕ್ಕದ ಮನೆಯ ಇಲ್ಮರಿಯೂ ಹಾಕಿದ. ಮೆಕ್ಯಾನಿಕ್ ಯಾಕೆ ಎಂದುಕೊಂಡು ತಾನೇ ಬಂಪರಿಗೆ ತೂತು ಕೊರೆದ, ಕಾರಿನ ವೈರು ಕತ್ತರಿಸಿ ದೀಪಕ್ಕೆ ಜೋಡಿಸಿದ.

ಆಮೇಲೆ ಆ ಕಾರು ಒಂದೇ ವಾರದಲ್ಲಿ ಎರಡು ಸಲ ಸ್ಟಾರ್ಟ್ ಆಗಲಿಲ್ಲ. ಒಳಗಿನ ಹೀಟರ್ ಕೂಡ ಬಿಸಿಗಾಳಿ ಬಿಡುತ್ತಿರಲಿಲ್ಲ. ಅವನ ಹೆಂಡತಿ ಹೆಲ್ಮಿಗೆ ದಿನ ತುಂಬಿತ್ತು. ಹೆರಿಗೆ ಆಸ್ಪತ್ರೆ ಇರುವುದು ರೊವಾನಿಯೆಮಿಯಲ್ಲಿ, ಮುನ್ನೂರು ಕಿಲೋಮೀಟರಿನಾಚೆ. ಹೊಟ್ಟೆ ಸ್ವಲ್ಪ ಬಿಗಿದರೂ ಅವಳು ಕಿಟಕಿಗೆ ಬಂದು ಕಾರನ್ನು ನೋಡುತ್ತಿದ್ದಳು. ನನಗಂತೂ ಅವಳ ಮುಖ ನೋಡಲಾಗುತ್ತಿರಲಿಲ್ಲ.

ನಾನು ಕೈಸು. ಮೂವತ್ತು ವರ್ಷ ಕಾರು ವರ್ಕ್‌ಶಾಪಿನಲ್ಲಿ ಕೂತು ಗಿರಾಕಿಗಳ ದೂರು ಬರೆದುಕೊಂಡವಳು. ಒಂದು ದಿನ ನೋಡಿದರೆ ಇಲ್ಮರಿ ಹಿಮದಲ್ಲಿ ಮಂಡಿಯೂರಿ ಆ ದೀಪ ಬಿಚ್ಚುತ್ತಿದ್ದ.

"ಏನೋ ಇದು?"

"ನಾಳೆ ಕಂಪನಿ ವರ್ಕ್‌ಶಾಪಿಗೆ ಒಯ್ಯಬೇಕು ಕೈಸಕ್ಕ. ದೀಪ ಕಂಡ್ರೆ ವಾರಂಟಿ ಪೂರ್ತಿ ಹೋಯ್ತು ಅಂತಾರೆ. ಬಿಚ್ಚಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ತೂತಿಗೆ ಏನು ಹೇಳ್ತೀಯ? ಹಿಮಸಾರಂಗ ಕೊಂಬಲ್ಲಿ ತಿವಿದು ಹೋಯ್ತು ಅಂತಲಾ?"

ಬಾಗಿಲಲ್ಲಿ ನಿಂತಿದ್ದ ಹೆಲ್ಮಿ ನಗಲಿಲ್ಲ. "ನಿಜ ಹೇಳಿ ಕೈಸಕ್ಕ, ವಾರಂಟಿ ಹೋಯ್ತಾ? ದಾರೀಲಿ ಕಾರು ನಿಂತ್ರೆ ನಾನೇನು ಮಾಡ್ಲಿ?"

"ದೀಪ ಹಾಕಿದ ಮಾತ್ರಕ್ಕೆ ಎಲ್ಲ ಹೋಗಲ್ಲ ಕಣೇ. ಆ ಜೋಡಣೆಯಿಂದ ಏನು ಕೆಟ್ಟಿದೆಯೋ ಅದನ್ನ ಮಾತ್ರ ಅವರು ಒಪ್ಪಲ್ಲ. ಅದಕ್ಕೆ ಸಂಬಂಧವೇ ಇಲ್ಲದ್ದು ಕೆಟ್ಟಿದ್ರೆ ಕೇಳೋ ಹಕ್ಕು ನಿಮಗಿದೆ. ಆದ್ರೆ ಮುಚ್ಚಿಟ್ಟು ಸಿಕ್ಕಿಬಿದ್ರೆ ಆಮೇಲೆ ನಿಮ್ಮ ಒಂದು ಮಾತನ್ನೂ ನಂಬಲ್ಲ. ಅಂಥವರನ್ನ ಎಷ್ಟು ಜನ ನೋಡಿಲ್ಲ ನಾನು!"

"ಊರಲ್ಲಿ ಎಲ್ಲರ ಕಾರಿಗೂ ಇದೆ" ಎಂದು ಇಲ್ಮರಿ ಗೊಣಗಿದ.

"ಅವರು ಕಂಪನಿಯವರನ್ನ ಕೇಳಿ ಹಾಕಿಸಿದ್ದಾರೆ. ನೀನು ವೈರು ಕತ್ತರಿಸಿದ್ದೀಯ."

ಮರುದಿನ ನಾನೂ ಜೊತೆಗೆ ಹೋದೆ. ಇಲ್ಮರಿ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಕತ್ತರಿಸಿದ ಜಾಗಕ್ಕೆ ನೀರು ಇಳಿದು ಬ್ಯಾಟರಿ ಖಾಲಿಯಾಗುತ್ತಿತ್ತು. ಆ ಖರ್ಚು ಅವನದೇ ಆಯಿತು. ಹೀಟರಿನ ಫ್ಯಾನು ಮಾತ್ರ ತಯಾರಿಕೆಯಲ್ಲೇ ಕೆಟ್ಟಿತ್ತು. ವರ್ಕ್‌ಶಾಪಿನವರು ಅದನ್ನೂ ದೀಪದ ಲೆಕ್ಕಕ್ಕೆ ಹಾಕಲು ನೋಡಿದರು. "ಹೇಗೆ ಅಂತ ಬರೆದು ಕೊಡಿ" ಎಂದೆ. ಬರೆಯಲಾಗಲಿಲ್ಲ, ಫ್ಯಾನನ್ನು ವಾರಂಟಿಯಲ್ಲೇ ಬದಲಿಸಿದರು.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಹೆಲ್ಮಿಗೆ ನೋವು ಶುರುವಾಯಿತು. ಹೊರಗೆ ಮೈನಸ್ ಇಪ್ಪತ್ತೆಂಟು. ಇಲ್ಮರಿ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಸಂಜೆ ಫೋನು ಬಂತು, ಹೆಣ್ಣು ಮಗು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಾರಿಗೆ ದೀಪವೋ, ಟ್ರೇಲರ್ ಎಳೆಯುವ ಕೊಕ್ಕೆಯೋ, ಏನೇ ಹಾಕಿಸುವ ಮೊದಲು ವಾರಂಟಿ ಪುಸ್ತಕ ಓದಿ. ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಲ್ಲವರ ಕೈಲಿ ಹಾಕಿಸಿ, ಬಿಲ್ಲು ಎತ್ತಿಡಿ. ಆಗಲೇ ಹಾಕಿದ್ದರೆ ಮುಚ್ಚಿಡಬೇಡಿ. ನಿಮ್ಮ ಮನೆಯ ಕಿಟಕಿಯಲ್ಲೂ ಆ ಕಾರನ್ನೇ ನಂಬಿಕೊಂಡು ಯಾರೋ ನಿಂತಿರುತ್ತಾರೆ.